ಯಾರ ಎದುರಿಗೆ ಯಾರು

ಕನಕಪುರದ ಕಡೆ ಯಾವ ಊರಿನಲ್ಲೇ ಆಗಲಿ, ರಾಜ್ಯೋತ್ಸವಕ್ಕೆ ಕಬಡ್ಡಿ ಪಂದ್ಯಾವಳಿ ಇಟ್ಟರೆ ಅಂಕಣಕ್ಕೆ ಗೆರೆ ಎಳೆಯುವ ಮೊದಲೇ ಒಂದು ಕೆಲಸ ಮುಗಿದಿರಬೇಕು. ಯಾರ ಎದುರಿಗೆ ಯಾರು ಎಂದು ಗೊತ್ತುಮಾಡಬೇಕು. ಪ್ರವೇಶ ಶುಲ್ಕ ಕಟ್ಟಿದ ತಂಡಗಳ ಹೆಸರನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು, ಹರಿದು, ಮಡಿಸಿ, ಸ್ಟೀಲ್ ತಟ್ಟೆಗೆ ಹಾಕಿ, ಅಲ್ಲೇ ಓಡಾಡಿಕೊಂಡಿರುವ ಮಗುವೊಂದನ್ನು ಕರೆದು ಎತ್ತಿಸುತ್ತಾರೆ. ಹನ್ನೊಂದು ತಂಡ ಬಂದಿದ್ದರೆ ಐದಕ್ಕೆ ಬೈ, ಮೊದಲ ಸುತ್ತು ಆಡದೆಯೇ ಮುಂದಕ್ಕೆ. ಮಗುವಿನ ಕೈಗೆ ಬಂದದ್ದಕ್ಕೆ ಯಾರೂ ತಕರಾರು ತೆಗೆಯುವುದಿಲ್ಲ. ಹೋದ ವರ್ಷ ಬಹುಮಾನದ ಟಗರು ಗೆದ್ದವರಿಗೂ ಅದೇ ತಟ್ಟೆ, ಈ ವರ್ಷ ಮೊದಲ ಸಲ ಜರ್ಸಿ ಹಾಕಿಕೊಂಡು ಬಂದ ಹುಡುಗರಿಗೂ ಅದೇ ತಟ್ಟೆ.

ಚೀಟಿಯ ನ್ಯಾಯ ದೊಡ್ಡದು. ಅದಕ್ಕೆ ಯಾರ ಹಂಗೂ ಇಲ್ಲ, ಯಾರ ಮುಲಾಜೂ ಇಲ್ಲ. ಊರಿನ ದೊಡ್ಡವರ ಮಗನ ತಂಡಕ್ಕೆ ಸುಲಭದ ಎದುರಾಳಿ ಸಿಕ್ಕಿತು ಎಂದು ಯಾರೂ ಗೊಣಗುವಂತಿಲ್ಲ. ಆದರೆ ಯಾರ ಹಂಗೂ ಇಲ್ಲದ ಕಾರಣಕ್ಕೇ ಅದು ಯಾರ ಮುಖವನ್ನೂ ನೋಡುವುದಿಲ್ಲ. ಯಾರು ಎಷ್ಟು ತಾಲೀಮು ಮಾಡಿ ಬಂದಿದ್ದಾರೆ, ಯಾರಿಗೆ ಯಾರು ಎದುರಾದರೆ ಇಬ್ಬರ ಆಟವೂ ಅರಳುತ್ತದೆ ಎಂಬುದು ಚೀಟಿಗೆ ಬೇಡ. ಬಲವಾದ ಎರಡು ತಂಡಗಳು ಬೆಳಗಿನ ಮೊದಲ ಪಂದ್ಯದಲ್ಲೇ ಎದುರಾಗಿ, ಜನ ಇನ್ನೂ ಸೇರುವ ಮುಂಚೆಯೇ ಅವುಗಳಲ್ಲಿ ಒಂದು ಗಂಟು ಕಟ್ಟಿಕೊಂಡು ಹೊರಡುವುದನ್ನು ನಾವೆಲ್ಲ ನೋಡಿದ್ದೇವೆ.

ಕಣದಲ್ಲಿರುವವರನ್ನು ನೋಡುವುದು, ತೂಗುವುದು, ಎದುರುಬದುರು ನಿಲ್ಲಿಸುವುದು, ಇದೆಲ್ಲ ಆಟಕ್ಕೆ ಮುಂಚಿನ ವ್ಯವಸ್ಥೆ, ಆಟದ ಭಾಗವಲ್ಲ ಎಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಪಂದ್ಯಾವಳಿಯಲ್ಲಿ ನಡೆಯುವ ಅತ್ಯಂತ ಗಂಭೀರವಾದ ಕೆಲಸ ಇದೇ ಎಂದು ನನಗೆ ಅನ್ನಿಸುತ್ತದೆ. ಒಬ್ಬ ಮನುಷ್ಯನ ಶಕ್ತಿಯನ್ನು ಇನ್ನೊಬ್ಬ ಮನುಷ್ಯ ಮುಂಚಿತವಾಗಿ ಅಳೆದು, ಆ ಅಳತೆಯ ಮೇಲೆ ಅವನಿಗೆ ಒಂದು ದಾರಿ ಹಾಕಿಕೊಡುತ್ತಾನೆ. ಆ ಅಧಿಕಾರ ಎಲ್ಲಿಂದ ಬರುತ್ತದೆ, ಅದನ್ನು ಯಾವುದಕ್ಕಾಗಿ ಬಳಸಬೇಕು?

ಚನ್ನಪಟ್ಟಣದವರಿಗೆ ಈ ಪ್ರಶ್ನೆ ದೂರದ್ದಲ್ಲ. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಜಟ್ಟಿಗಳು ಬರುವುದು ಮೈಸೂರು, ಬೆಂಗಳೂರು, ಚಾಮರಾಜನಗರ ಮತ್ತು ಚನ್ನಪಟ್ಟಣಗಳಿಂದ. ನಾಲ್ವರು ಜಟ್ಟಿಗಳು, ಎರಡು ಜೋಡಿ. ಕಾಳಗಕ್ಕೆ ಬಹಳ ಮುಂಚೆಯೇ ಜೋಡಿ ಕಟ್ಟುತ್ತಾರೆ. ತಲೆ ಬೋಳಿಸಿಕೊಂಡು, ಮುಷ್ಟಿಗೆ ವಜ್ರನಖ ತೊಟ್ಟು, ಕೆಮ್ಮಣ್ಣಿನ ಮೇಲೆ ಇಳಿಯುತ್ತಾರೆ. ಒಬ್ಬನ ತಲೆಯಿಂದ ರಕ್ತದ ಮೊದಲ ಹನಿ ಚಿಮ್ಮಿತೋ, ಕಾಳಗ ಅಲ್ಲಿಗೆ ನಿಂತಿತು. ಅರೆಗಳಿಗೆಯೂ ಆಗಿರುವುದಿಲ್ಲ. ಅದರ ನಂತರವೇ ವಿಜಯಯಾತ್ರೆ ಹೊರಡುವುದು.

ಆ ಎರಡು ಜೋಡಿಗಳಲ್ಲಿ ಮೇಲಾದವರು ಮತ್ತೆ ತಮ್ಮತಮ್ಮಲ್ಲಿ ಸೆಣಸುವುದಿಲ್ಲ. ಅಲ್ಲಿ ಫೈನಲ್ ಇಲ್ಲ. ನಾಲ್ವರಲ್ಲಿ ಯಾರು ಮೊದಲಿಗ ಎಂದು ಯಾರೂ ಕೇಳುವುದಿಲ್ಲ. ರಕ್ತ ಬಿದ್ದವನು ಸೋತವನು ಎಂಬುದೂ ಅಲ್ಲಿ ಮುಖ್ಯವಲ್ಲ. ನಿಂಬುಜಾದೇವಿಯ ಮುಂದೆ ವ್ರತ ಹಿಡಿದು ಬಂದವರಿಗೆ ಬೇಕಾಗಿರುವುದು ತಮ್ಮ ಮುಷ್ಟಿಗೆ ತಕ್ಕ ಇನ್ನೊಂದು ಮುಷ್ಟಿ. ಹಾಗಾಗಿ ಇಡೀ ಕಾಳಗದ ಹೊಣೆ ಜೋಡಿ ಕಟ್ಟಿದವರ ಮೇಲೆ ಬೀಳುತ್ತದೆ. ಅನುಭವಿಯ ಎದುರು ಹೊಸಬನನ್ನು ನಿಲ್ಲಿಸಿದರೆ ಅದು ಕಾಳಗವಾಗುವುದಿಲ್ಲ, ಹೊಡೆತವಾಗುತ್ತದೆ.

ನಾಡಕುಸ್ತಿಯದೂ ಇದೇ ಮಾತು. ದಸರಾ ಕುಸ್ತಿಗೆ ಮುಂಚೆ ಮೈಸೂರಿನಲ್ಲಿ ಜೋಡಿ ಕಟ್ಟುವ ಕಾರ್ಯಕ್ರಮವೇ ಪ್ರತ್ಯೇಕವಾಗಿ ನಡೆಯುತ್ತದೆ. ಬೇರೆ ಬೇರೆ ಜಿಲ್ಲೆಗಳ ಗರಡಿಗಳಿಂದ ಪೈಲ್ವಾನರು ಬಂದು ಸೇರುತ್ತಾರೆ. ತೂಕ ನೋಡುತ್ತಾರೆ ನಿಜ, ಆದರೆ ತೂಕದ ಯಂತ್ರ ಹೇಳಿದ್ದೇ ಕೊನೆಯಲ್ಲ. ಉಸ್ತಾದರ ಕಣ್ಣು ಹೆಗಲಿನ ಮೇಲೆ ಹೋಗುತ್ತದೆ, ಕತ್ತಿನ ದಪ್ಪದ ಮೇಲೆ, ಹುಡುಗ ನಿಂತಿರುವ ನಿಲುವಿನ ಮೇಲೆ. ಯಾವ ಗರಡಿ, ಯಾರ ಶಿಷ್ಯ, ಹಿಂದೆ ಯಾರ ಜೊತೆ ಹಿಡಿದಿದ್ದಾನೆ ಎಂದು ವಿಚಾರಿಸುತ್ತಾರೆ. ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ, ಕೈ ಕೂಡಿಸುತ್ತಾರೆ. ಒಪ್ಪಿಗೆ ಇಲ್ಲದಿದ್ದರೆ ಅಲ್ಲೇ ಮಾತಾಗುತ್ತದೆ. ಇವನು ನನಗಿಂತ ಹಳಬ, ಈ ಜೋಡಿ ಬೇಡಣ್ಣ ಎನ್ನುವ ಹಕ್ಕು ಪೈಲ್ವಾನನಿಗೆ ಉಂಟು. ಸಮಬಲರು ಸಿಕ್ಕರೆ ಮಾತ್ರ ಕುಸ್ತಿ ನೋಡುವ ಹಾಗಿರುತ್ತದೆ ಎಂಬುದು ಮಟ್ಟಿಯ ಸುತ್ತ ಕೂತ ಪ್ರತಿಯೊಬ್ಬ ಮುದುಕನಿಗೂ ಗೊತ್ತು.

ಈಗಿನ ಪಂದ್ಯಾವಳಿಗಳಲ್ಲಿ ಸೀಡಿಂಗ್ ಎಂಬ ಪದ್ಧತಿ ಮಾಡುವುದು ಇದಕ್ಕೆ ಪೂರಾ ಉಲ್ಟಾ. ಜೋಡಿ ಕಟ್ಟುವವನು ಸಮಬಲರನ್ನು ಹುಡುಕಿ ಹತ್ತಿರ ತರುತ್ತಾನೆ. ಸೀಡಿಂಗ್ ಮಾಡುವವನು ಸಮಬಲರನ್ನು ಹುಡುಕಿ ಆದಷ್ಟು ದೂರ ಇಡುತ್ತಾನೆ. ಮೊದಲನೆಯವನ ಎದುರು ಮೂವತ್ತೆರಡನೆಯವನು, ಎರಡನೆಯವನ ಎದುರು ಮೂವತ್ತೊಂದನೆಯವನು. ಬಲಿಷ್ಠರು ಕೊನೆಯ ದಿನ ಮಾತ್ರ ಒಬ್ಬರನ್ನೊಬ್ಬರು ನೋಡಬೇಕು.

ಇದಕ್ಕೆ ಗಟ್ಟಿಯಾದ ಕಾರಣವೂ ಇದೆ. ಮಕ್ಕಳ ಕತೆಗಳಿಂದ ಲೂಯಿಸ್ ಕೆರೊಲ್ ಎಂದು ಲೋಕಕ್ಕೆ ಗೊತ್ತಿರುವ ಆಕ್ಸ್‌ಫರ್ಡಿನ ಗಣಿತದ ಮೇಷ್ಟ್ರು ಚಾರ್ಲ್ಸ್ ಡಾಡ್ಸನ್ 1883ರಲ್ಲಿ ಟೆನಿಸ್ ಪಂದ್ಯಾವಳಿಗಳ ಬಗ್ಗೆ ಒಂದು ಚಿಕ್ಕ ಹೊತ್ತಗೆ ಬರೆದರು. ಚೀಟಿ ಎತ್ತಿ ಸೋತವರನ್ನು ಹೊರಗೆ ಕಳಿಸುತ್ತಾ ಹೋದರೆ ಮೊದಲ ಬಹುಮಾನವೇನೋ ಸರಿಯಾದವನಿಗೇ ಸಿಗುತ್ತದೆ. ಎರಡನೆಯದು ಸಿಗುವುದು ಅದೃಷ್ಟದ ಮೇಲೆ ಎಂಬುದು ಅವರ ಆಕ್ಷೇಪ. ಮೂವತ್ತೆರಡು ಜನರ ಕಣದಲ್ಲಿ ನಿಜವಾಗಿ ಎರಡನೆಯವನಾದವನಿಗೆ ಎರಡನೇ ಬಹುಮಾನ ಸಿಗುವ ಸಂಭವ ಮೂವತ್ತೊಂದರಲ್ಲಿ ಹದಿನಾರು. ಮೊದಲನೆಯವನು ಇರುವ ಅರ್ಧದಲ್ಲೇ ಇವನ ಚೀಟಿಯೂ ಬಿದ್ದರೆ ಇವನ ಕತೆ ಅಲ್ಲಿಗೆ ಮುಗಿಯಿತು. ಆ ಅನ್ಯಾಯಕ್ಕೆ ಸೀಡಿಂಗ್ ಒಂದು ಮದ್ದು.

ಆದರೆ ಮದ್ದು ಯಾರಿಗೆ ಎಂದು ಕೇಳಬೇಕು. ಎರಡನೆಯವನ ನ್ಯಾಯ ಸರಿಹೋಯಿತು, ಮೂವತ್ತೆರಡನೆಯವನದು? ಮೂವತ್ತೆರಡು ಜನರ ನಾಕೌಟ್‌ನಲ್ಲಿ ಒಟ್ಟು ನಡೆಯುವುದು ಮೂವತ್ತೊಂದು ಪಂದ್ಯ. ಬಂದವರಲ್ಲಿ ಅರ್ಧದಷ್ಟು ಜನ, ಹದಿನಾರು ಮಂದಿ, ಒಂದೇ ಒಂದು ಆಟ ಆಡಿ ಮನೆಗೆ ಹೋಗುತ್ತಾರೆ. ಮಾಗಡಿಯಿಂದ ಬೆಳಗಿನ ಬಸ್ಸಿಗೆ ಹೊರಟ ಹುಡುಗ ರಾಜ್ಯಮಟ್ಟದ ಆಟಗಾರನ ಎದುರು ಇಪ್ಪತ್ತು ನಿಮಿಷ ನಿಂತು, ಮಧ್ಯಾಹ್ನದ ಊಟಕ್ಕೂ ಮುಂಚೆ ಬಸ್‌ಸ್ಟ್ಯಾಂಡಿಗೆ ವಾಪಸ್ಸಾಗುತ್ತಾನೆ. ಪಟ್ಟಿಯ ಕೆಳಗಿನವನು ಇಲ್ಲಿ ಮೇಲಿನವನ ದಾರಿಗೆ ಹಾಸಿದ ಚಪ್ಪಡಿಯಾಗುತ್ತಾನೆ. ಅವನು ಎಂಥ ಆಟಗಾರ ಎಂಬುದು ಆ ಇಪ್ಪತ್ತು ನಿಮಿಷದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅವನಿಗೂ ಗೊತ್ತಾಗುವುದಿಲ್ಲ, ಅದು ಇನ್ನೂ ನೋವಿನ ಸಂಗತಿ.

ಎದುರಾಳಿಯ ಈ ಪ್ರಶ್ನೆಯನ್ನು ಬೇರೊಂದು ಕಡೆಯಿಂದ ತೆರೆದು ತೋರಿಸುವ ಆಟ ಒಂದಿದೆ. ಅದರ ಹೆಸರು ಸ್ಟ್ರೈಟ್ ಪೂಲ್, 14.1 ಎಂದೂ ಕರೆಯುತ್ತಾರೆ. ನಮ್ಮ ಪೇಟೆಗಳಲ್ಲಿ ಪೂಲ್ ಆಡುವ ಹುಡುಗರು ಹೆಚ್ಚಾಗಿ ಆಡುವುದು ಎಯ್ಟ್ ಬಾಲ್. ಸ್ಟ್ರೈಟ್ ಪೂಲ್ ಹುಟ್ಟಿ ಬೆಳೆದದ್ದು ಅಮೆರಿಕದಲ್ಲಿ, 1910ರ ಆಸುಪಾಸಿನಲ್ಲಿ. ಅದರ ನಿಯಮ ಸರಳ. ಮೇಜಿನ ಮೇಲೆ ಹದಿನೈದು ಚೆಂಡು, ಒಂದೊಂದಕ್ಕೂ ಒಂದೇ ಅಂಕ. ಯಾವ ಚೆಂಡು ಯಾವ ಪಾಕೆಟ್ಟಿಗೆ ಎಂದು ಮೊದಲೇ ಹೇಳಿ ಹೊಡೆಯಬೇಕು. ಹದಿನಾಲ್ಕು ಚೆಂಡು ಒಳಗೆ ಹೋದ ಮೇಲೆ ಹದಿನೈದನೆಯದನ್ನು ಇದ್ದಲ್ಲೇ ಬಿಟ್ಟು, ಆ ಹದಿನಾಲ್ಕನ್ನು ಮತ್ತೆ ತ್ರಿಕೋನದಲ್ಲಿ ಜೋಡಿಸುತ್ತಾರೆ. ತುದಿಯ ಜಾಗ ಖಾಲಿ. ಆಟಗಾರ ಉಳಿದ ಆ ಒಂದನ್ನು ಪಾಕೆಟ್ಟಿಗೆ ಹಾಕುವ ಏಟಿನಲ್ಲೇ ಬಿಳಿ ಚೆಂಡನ್ನು ಗುಂಪಿನೊಳಗೆ ನುಗ್ಗಿಸಿ ಅದನ್ನು ಚದುರಿಸಬೇಕು. ಹಾಗೆ ಚದುರಿಸಿದರೆ ಆಟ ಮುಂದುವರಿಯಿತು. ತಪ್ಪುವ ತನಕ ಅವನದೇ ಸರದಿ, ಗುರಿ ನೂರು ಅಥವಾ ನೂರೈವತ್ತು ಅಂಕ.

ಒಳ್ಳೆಯ ಆಟಗಾರ ಮೇಜಿನ ಮೇಲೆ ಇನ್ನೂ ಐದಾರು ಚೆಂಡು ಇರುವಾಗಲೇ ಕೊನೆಗೆ ಯಾವುದನ್ನು ಉಳಿಸಿಕೊಳ್ಳಬೇಕು, ಅದಕ್ಕೆ ಮುಂಚಿನದು ಯಾವುದು ಎಂದು ತೀರ್ಮಾನಿಸಿರುತ್ತಾನೆ. ಹತ್ತಿರವಿರುವ ಸುಲಭದ ಚೆಂಡನ್ನು ಮುಟ್ಟದೆ ಬಿಟ್ಟು ಮೂಲೆಯ ಕಷ್ಟದ್ದಕ್ಕೆ ಕೈಹಾಕುತ್ತಾನೆ. ನೋಡುವವರಿಗೆ ಯಾಕೆ ಎಂದು ಹೊಳೆಯುವುದು ನಾಲ್ಕು ಏಟುಗಳ ನಂತರ.

ಈ ಆಟದಲ್ಲಿ ಎದುರಾಳಿ ಏನು ಮಾಡುತ್ತಾನೆ? ಕುರ್ಚಿಯಲ್ಲಿ ಕೂತಿರುತ್ತಾನೆ. 1966ರ ಯುಎಸ್ ಓಪನ್ ಫೈನಲ್‌ನಲ್ಲಿ ಅರ್ವಿಂಗ್ ಕ್ರೇನ್ ಒಂದೇ ಸರದಿಯಲ್ಲಿ ನೂರೈವತ್ತು ಚೆಂಡು ಹಾಕಿ ಪಂದ್ಯ ಮುಗಿಸಿದ. ಎದುರಾಳಿ ಜೋ ಬಾಲ್ಸಿಸ್ ಅಷ್ಟು ಹೊತ್ತೂ ಕೂತು ನೋಡಬೇಕಾಯಿತು. ವಿಲ್ಲಿ ಮೊಸ್ಕೋನಿ 1954ರಲ್ಲಿ ಓಹಾಯೋದ ಸ್ಪ್ರಿಂಗ್‌ಫೀಲ್ಡಿನ ಒಂದು ಪ್ರದರ್ಶನ ಪಂದ್ಯದಲ್ಲಿ ತಪ್ಪದೆ 526 ಚೆಂಡು ಹಾಕಿದ. ಆ ಅಂಕಿ ಅರವತ್ತು ವರ್ಷಕ್ಕೂ ಮೀರಿ ಉಳಿಯಿತು. 2019ರಲ್ಲಿ ಜಾನ್ ಶ್ಮಿಟ್ 626ಕ್ಕೆ ಏರಿಸಿದ. 2022ರಲ್ಲಿ ಜೇಸನ್ ಶಾ 714 ಮುಟ್ಟಿದ. ಕೊನೆಯ ಈ ಎರಡು ದಾಖಲೆಗಳಿಗೆ ಎದುರಾಳಿಯೇ ಇರಲಿಲ್ಲ. ಮೇಜು, ಚೆಂಡು ಮತ್ತು ಒಬ್ಬ ಮನುಷ್ಯ ಮಾತ್ರ.

ಹಾಗಿದ್ದರೆ ಇಲ್ಲಿ ಕಣವನ್ನು ಅಳೆಯುವುದು ಸುಲಭವಾಗಬೇಕಿತ್ತು. ಯಾರನ್ನು ಯಾರು ಸೋಲಿಸಿದರು ಎಂಬುದನ್ನು ಪಕ್ಕಕ್ಕಿಟ್ಟು, ಒಂದು ಸರದಿಗೆ ಸರಾಸರಿ ಎಷ್ಟು ಚೆಂಡು, ಒಂದೇ ಓಟದಲ್ಲಿ ಅತಿ ಹೆಚ್ಚು ಎಷ್ಟು ಎಂದು ನೋಡಿದರೆ ಸಾಕಲ್ಲವೆ? ಸಾಲದು. ಸ್ಟ್ರೈಟ್ ಪೂಲ್ ಬಲ್ಲವರು ಚೆಂಡು ಹಾಕುವಷ್ಟೇ ಶ್ರದ್ಧೆಯಿಂದ ಸೇಫ್ಟಿ ಆಡುತ್ತಾರೆ. ತನಗೆ ದಾರಿ ಕಾಣದಾಗ ಬಿಳಿ ಚೆಂಡನ್ನು ಎದುರಾಳಿಗೂ ದಾರಿ ಕಾಣದ ಜಾಗದಲ್ಲಿ ತಂದಿಡುತ್ತಾರೆ. ಅಂಥವರ ಎದುರು ಕೂತು ಬಂದವನ ಸರಾಸರಿ ತಾನಾಗಿಯೇ ಇಳಿದಿರುತ್ತದೆ. ಪುಸ್ತಕದಲ್ಲಿ ಸಣ್ಣದಾಗಿ ಕಾಣುವ ಅಂಕಿಯ ಹಿಂದೆ ದೊಡ್ಡ ಎದುರಾಳಿ ಇರಬಹುದು. ಒಬ್ಬನೇ ಆಡುವಂತೆ ಕಾಣುವ ಈ ಆಟದಲ್ಲೂ ಕುರ್ಚಿಯಲ್ಲಿ ಕೂತವನ ನೆರಳು ಮೇಜಿನ ಮೇಲೆ ಬಿದ್ದೇ ಇರುತ್ತದೆ. ಅಳತೆಗೋಲು ಎಷ್ಟೇ ನಯವಾಗಲಿ, ಒಬ್ಬನನ್ನು ಇನ್ನೊಬ್ಬನಿಂದ ಬಿಡಿಸಿ ಅಳೆಯಲು ಬರುವುದಿಲ್ಲ ಎಂಬುದೇ ಈ ಆಟ ನನಗೆ ಕಾಣಿಸಿದ ಸತ್ಯ.

ಇನ್ನೊಂದು ಸಂಗತಿಯೂ ಇದೆ. ಪಂದ್ಯದ ಉದ್ದವನ್ನು ಗೊತ್ತುಮಾಡುವವನು ಗೆಲ್ಲುವವನನ್ನೂ ಸ್ವಲ್ಪ ಮಟ್ಟಿಗೆ ಗೊತ್ತುಮಾಡಿಬಿಡುತ್ತಾನೆ. ನಮ್ಮ ದೇಶಕ್ಕೆ ಹತ್ತಿರವಾದ ಬಿಲಿಯರ್ಡ್ಸ್‌ನಲ್ಲಿ ಎರಡು ಬಗೆ: ಗಂಟೆಗಳ ಲೆಕ್ಕದಲ್ಲಿ ಆಡುವುದು, 150 ಅಂಕಗಳ ಚಿಕ್ಕ ಗೇಮುಗಳಲ್ಲಿ ಆಡುವುದು. ಉದ್ದದ ಆಟದಲ್ಲಿ ಆಕಸ್ಮಿಕಗಳು ಒಂದನ್ನೊಂದು ಹೊಡೆದುಹಾಕಿ ಕೌಶಲ ಮೇಲೆ ಬರುತ್ತದೆ. ಚಿಕ್ಕದರಲ್ಲಿ ಒಂದು ಬಿಸಿ ಗಳಿಗೆ ಸಾಕು, ಹೊಸಬನೂ ಗೆಲ್ಲಬಹುದು. ಬೆಂಗಳೂರಿನ ಪಂಕಜ್ ಅಡ್ವಾಣಿ 2005ರಲ್ಲಿ ಮಾಲ್ಟಾದಲ್ಲಿ, ಮತ್ತೆ 2008ರಲ್ಲಿ ತಮ್ಮದೇ ಊರಿನಲ್ಲಿ, ಎರಡೂ ಬಗೆಯ ವಿಶ್ವ ಪ್ರಶಸ್ತಿಗಳನ್ನು ಒಟ್ಟಿಗೆ ಗೆದ್ದರು. ಆ ಸಾಧನೆಯ ತೂಕ ಇರುವುದು ಇಲ್ಲೇ. ಅಳತೆಗೋಲು ಬದಲಾಯಿಸಿದರೂ ಅಳತೆ ಬದಲಾಗಲಿಲ್ಲ. ಉಳಿದ ನಮ್ಮಂಥವರೆಲ್ಲ ಯಾವ ಗೋಲಿನಿಂದ ಅಳೆದರು ಎಂಬುದರ ಮೇಲೆ ಹೆಚ್ಚೂ ಆಗುತ್ತೇವೆ, ಕಡಿಮೆಯೂ ಆಗುತ್ತೇವೆ.

ಅಳೆಯುವ ಕಣ್ಣು ಎಂದಾಗ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ನೆನಪಾಗದೆ ಇರುವುದಿಲ್ಲ. ಬೆಳಿಗ್ಗೆ ಲಾಟ್ ಹರಡಿದ ಮೇಲೆ ರೀಲರುಗಳು ಸಾಲಾಗಿ ಬರುತ್ತಾರೆ. ಮೇಲೆ ಕಾಣುವ ಗೂಡನ್ನು ನಂಬದೆ ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ಎತ್ತುತ್ತಾರೆ. ಬೆರಳಿನಲ್ಲಿ ಒತ್ತಿ ಗಟ್ಟಿ ನೋಡುತ್ತಾರೆ, ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳುವಿನ ಸದ್ದು ಕೇಳುತ್ತಾರೆ, ಕಲೆಗೂಡು ಎಷ್ಟಿದೆ, ಎರಡು ಹುಳು ಸೇರಿ ಕಟ್ಟಿದ ಜೋಡಿಗೂಡು ಎಷ್ಟಿದೆ ಎಂದು ಕಣ್ಣಲ್ಲೇ ಎಣಿಸುತ್ತಾರೆ. ಈಗ ಹರಾಜು ಮೊಬೈಲಿಗೆ ಬಂದಿದೆ, ಕೂಗಾಟ ಇಲ್ಲ. ಆದರೂ ಬೆಲೆ ಒತ್ತುವ ಬೆರಳು ಅದಕ್ಕೆ ಮೊದಲು ಗೂಡಿನೊಳಗೆ ಇಳಿದ ಬೆರಳೇ. ಇಷ್ಟೆಲ್ಲ ಆದ ಮೇಲೂ ನೂಲು ಎಷ್ಟುದ್ದ ಬಿಚ್ಚಿಕೊಳ್ಳುತ್ತದೆ ಎಂಬುದು ಬಿಸಿನೀರಿಗೆ ಹಾಕಿದ ಮೇಲೇ ಗೊತ್ತಾಗುವುದು.

ರೀಲರಿನ ಅಂದಾಜಿಗೂ ಪಂದ್ಯಾವಳಿ ನಡೆಸುವವನ ಅಂದಾಜಿಗೂ ನಡುವೆ ಒಂದು ವ್ಯತ್ಯಾಸ ಇದೆ, ಅದನ್ನು ಮರೆಯಬಾರದು. ರೀಲರಿನ ಅಂದಾಜು ತಪ್ಪಿದರೆ ನಷ್ಟ ಅವನದೇ. ಅದಕ್ಕೇ ಅವನು ಮೊಣಕೈವರೆಗೆ ಕೈ ಇಳಿಸುತ್ತಾನೆ. ಪಟ್ಟಿ ಬರೆಯುವವನ ಅಂದಾಜು ತಪ್ಪಿದರೆ ನಷ್ಟ ಪಟ್ಟಿಯಲ್ಲಿರುವವನದು. ಬರೆದವನ ಕಿಸೆಯಿಂದ ಏನೂ ಹೋಗುವುದಿಲ್ಲ. ತಪ್ಪಿನ ಬೆಲೆ ಬೇರೆಯವರು ತೆರುವ ಕಡೆ ಕಣ್ಣು ಸೋಮಾರಿಯಾಗುವುದು ಸುಲಭ. ಪಂದ್ಯಾವಳಿ ಒಂದರಲ್ಲೇ ಅಲ್ಲ. ಶಾಲೆಯ ಕೊನೆಯ ಬೆಂಚು ಯಾರಿಗೆ ಎಂದು ತೀರ್ಮಾನಿಸುವಾಗ, ಕೆಲಸಕ್ಕೆ ಬಂದ ಅರ್ಜಿಗಳನ್ನು ಎರಡು ರಾಶಿ ಮಾಡುವಾಗ, ಮಗನಿಗೆ ಇದು ಆಗುತ್ತದೆ ಇದು ಆಗುವುದಿಲ್ಲ ಎಂದು ಮನೆಯಲ್ಲಿ ಮಾತಾಡುವಾಗ, ನಾವು ಬರೆಯುವುದೂ ಇಂಥದೇ ಪಟ್ಟಿ.

2014ರ ನವೆಂಬರಿನಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಚಾಂಪಿಯನ್‌ಷಿಪ್ ಬೆಂಗಳೂರಿನಲ್ಲಿ ನಡೆಯಿತು. ದೇಶದೇಶಗಳ ಪಳಗಿದ ಆಟಗಾರರು ಬಂದಿದ್ದರು. ಅದನ್ನು ಗೆದ್ದದ್ದು ಚೀನಾದ ಯಾನ್ ಬಿಂಗ್‌ಟಾವ್, ವಯಸ್ಸು ಹದಿನಾಲ್ಕು. ಪಾಕಿಸ್ತಾನದ ಮೊಹಮ್ಮದ್ ಸಜ್ಜಾದ್ ಜೊತೆಗಿನ ಫೈನಲ್ 8-7ರವರೆಗೆ, ಕೊನೆಯ ಫ್ರೇಮಿನವರೆಗೆ ಹೋಯಿತು. ಆ ಟೂರ್ನಿಯ ರಚನೆ ಗಮನಿಸಬೇಕು. ಮೊದಲು ಗುಂಪುಗಳು, ಗುಂಪಿನೊಳಗೆ ಎಲ್ಲರೂ ಎಲ್ಲರೊಡನೆ ಆಡಬೇಕು. ಆಮೇಲೆ ನಾಕೌಟ್. ಯಾರು ಬಲಿಷ್ಠರು ಎಂದು ಮೊದಲೇ ಎಲ್ಲವನ್ನೂ ಹೇಳಿಬಿಡದೆ, ಅದನ್ನು ತೋರಿಸಿಕೊಳ್ಳಲು ಬಂದವರಿಗೇ ಕೆಲವು ದಿನ ಬಿಟ್ಟುಕೊಡುವ ವ್ಯವಸ್ಥೆ ಅದು. ನೇರ ನಾಕೌಟ್ ಆಗಿದ್ದರೆ ಒಂದು ಕೆಟ್ಟ ಬೆಳಗು ಯಾರನ್ನು ಬೇಕಾದರೂ ಮನೆಗೆ ಕಳಿಸಬಹುದಿತ್ತು.

ಅದೇ ಹುಡುಗ 2021ರಲ್ಲಿ ಜಾನ್ ಹಿಗಿನ್ಸ್‌ರನ್ನು ಮಣಿಸಿ ವೃತ್ತಿಪರರ ಮಾಸ್ಟರ್ಸ್ ಪ್ರಶಸ್ತಿ ಎತ್ತಿದ. 2023ರಲ್ಲಿ ಪಂದ್ಯ ಫಿಕ್ಸಿಂಗ್‌ಗಾಗಿ ಐದು ವರ್ಷದ ನಿಷೇಧಕ್ಕೆ ಒಳಗಾದ. ಇದನ್ನು ಬರೆಯುವಾಗ ಸಂಕಟವಾಗುತ್ತದೆ. ಬೆಂಗಳೂರಿನಲ್ಲಿ ಅವನ ಕೈ ನೋಡಿದವರು ಅವನ ಮುಂದಿನ ಏಳು ವರ್ಷವನ್ನು ಊಹಿಸಿರಬಹುದು, ಒಂಬತ್ತನೆಯದನ್ನಲ್ಲ. ನಾವು ಅಳೆಯುವುದು ಕೈಯನ್ನು, ಕಣ್ಣನ್ನು, ನಿಲುವನ್ನು. ಮನುಷ್ಯನನ್ನು ಅಳೆದೆವು ಎಂದು ಹೇಳಿಕೊಳ್ಳುವುದು ಹೆಚ್ಚಾಯಿತು.

ಹಾಗೆಂದು ಅಳೆಯುವುದನ್ನೇ ಬಿಟ್ಟು ಮತ್ತೆ ಚೀಟಿಯ ತಟ್ಟೆಗೆ ಹೋಗೋಣ ಎಂದು ನನ್ನ ಮಾತಲ್ಲ. ನೋಡದೆ ಇರುವುದು ನಿಷ್ಪಕ್ಷಪಾತ ಎಂದು ಕರೆಸಿಕೊಂಡರೂ ಅದು ಒಂದು ಬಗೆಯ ಅಸಡ್ಡೆಯೇ. ಉಸ್ತಾದ ಹುಡುಗನ ಹೆಗಲು ನೋಡುತ್ತಾನಲ್ಲ, ಆ ನೋಟದಲ್ಲಿ ಗೌರವ ಇದೆ. ನೀನು ಎಷ್ಟು ತಯಾರಾಗಿ ಬಂದಿದ್ದೀಯೆ ಎಂಬುದು ನನಗೆ ಮುಖ್ಯ ಎಂದು ಆ ನೋಟ ಹೇಳುತ್ತದೆ. ಸೀಡಿಂಗ್‌ನ ಅಂಕಿ ಹೇಳುವುದು ನೀನು ಇಲ್ಲಿಯವರೆಗೆ ಎಲ್ಲಿದ್ದೆ ಎಂಬುದನ್ನು ಮಾತ್ರ. ಎರಡರಲ್ಲೂ ಅಂದಾಜಿದೆ, ಸೀಡಿಂಗ್‌ನ ಗುರಿ ಬಹುಮಾನ ಕಾಪಾಡುವುದು, ಉಸ್ತಾದನ ಗುರಿ ತಕ್ಕ ಎದುರಾಳಿಯನ್ನು ಕೊಡುವುದು. ತಕ್ಕ ಎದುರಾಳಿ ಸಿಗದವನು ತನ್ನೊಳಗೆ ಏನಿದೆ ಎಂದು ತಿಳಿಯದೆಯೇ ಕಣದಿಂದ ಹೊರಗೆ ಹೋಗುತ್ತಾನೆ. ಆಟ ಅವನಿಗೆ ಕೊಡಬೇಕಾದ್ದು ಟ್ರೋಫಿಗಿಂತ ಮೊದಲು ಆ ತಿಳಿವಳಿಕೆ.

ಅದಕ್ಕೆ ಖರ್ಚಿದೆ, ನಿಜ. ಮೂವತ್ತೆರಡು ಜನರನ್ನು ನಾಲ್ಕು ನಾಲ್ಕರ ಎಂಟು ಗುಂಪು ಮಾಡಿದರೆ ಗುಂಪಿನ ಹಂತದಲ್ಲೇ ನಲವತ್ತೆಂಟು ಪಂದ್ಯ. ಮೇಜುಗಳು ಬೇಕು, ಅಂಪೈರುಗಳು ಬೇಕು, ಇನ್ನೊಂದು ದಿನ ಬೇಕು, ಆ ದಿನದ ಊಟ, ಲೈಟಿನ ಬಾಡಿಗೆ ಬೇಕು. ಶಾಮಿಯಾನ, ವೇದಿಕೆ, ಶಾಲು ಹಾರಗಳಿಗೆ ಎತ್ತುವ ಚಂದಾದಲ್ಲಿ ಒಂದು ಪಾಲು ಸಾಕು ಇದಕ್ಕೆ. ಕೊನೆಯ ಸ್ಥಾನದವನಿಗೂ ಮೂರು ಆಟ ಸಿಗುತ್ತದೆ. ಆ ಮೂರರಲ್ಲಿ ಒಂದಾದರೂ ಅವನ ಸಮಬಲನ ಎದುರು ಬೀಳುವಂತೆ ಗುಂಪು ಕಟ್ಟಲು ಬರುತ್ತದೆ, ಕಟ್ಟುವವನಿಗೆ ಮನಸ್ಸಿದ್ದರೆ. ಗುಂಪಿನಲ್ಲಿ ಹಿಂದೆ ಬಿದ್ದವರಿಗೆಲ್ಲ ಪ್ರತ್ಯೇಕವಾಗಿ ಪ್ಲೇಟ್ ಸುತ್ತು ಇಡಬಹುದು. ಸ್ನೂಕರ್, ಬಿಲಿಯರ್ಡ್ಸ್ ಟೂರ್ನಿಗಳಲ್ಲಿ ಅತಿ ಹೆಚ್ಚಿನ ಬ್ರೇಕಿಗೆ, ಅಂದರೆ ಒಂದೇ ಸರದಿಯಲ್ಲಿ ಗಳಿಸಿದ ಅಂಕಕ್ಕೆ, ಬೇರೆಯೇ ಬಹುಮಾನ ಇರುತ್ತದೆ. ಮೊದಲ ಸುತ್ತಿನಲ್ಲೇ ಸೋತವನೂ ಅದಕ್ಕೆ ಹಕ್ಕುದಾರ. ಕಬಡ್ಡಿಯಲ್ಲಿ ಬೆಸ್ಟ್ ರೈಡರ್, ಬೆಸ್ಟ್ ಕ್ಯಾಚರ್ ಎಂದು ಸೋತ ತಂಡದ ಹುಡುಗನನ್ನೂ ಕರೆದು ಕಪ್ ಕೊಡುವ ಪದ್ಧತಿ ನಮ್ಮ ಊರುಗಳಲ್ಲಿ ಈಗಾಗಲೇ ಇದೆ. ಅದನ್ನು ಕಾಟಾಚಾರಕ್ಕೆ ಮಾಡದೆ, ಬೆಳಗಿನ ಮೊದಲ ಪಂದ್ಯದಿಂದಲೇ ಯಾರಾದರೂ ಪುಸ್ತಕ ಹಿಡಿದು ಕೂತು, ಒಬ್ಬೊಬ್ಬನ ರೈಡೂ ಹಿಡಿತವೂ ಬರೆದಿಡಬೇಕು. ಮುಂದಿನ ವರ್ಷ ಗುಂಪು ಕಟ್ಟುವವರಿಗೆ ಕೈಯಲ್ಲಿ ಆ ಪುಸ್ತಕ ಇರುತ್ತದೆ. ಪಟ್ಟಿಯನ್ನು ಗೋಡೆಗೆ ಅಂಟಿಸುವ ಮುಂಚೆ ಆಟಗಾರರನ್ನು ಕೂರಿಸಿಕೊಂಡು ಓದಿ ಹೇಳಿ, ಈ ಜೋಡಿ ಒಪ್ಪಿಗೆಯೇ ಎಂದು ಕೇಳಲೂಬಹುದು.